ಒಳಚಿಲಕ

ಪೆಟ್ಟಿಗೆಯ ಮುಚ್ಚಳದ ಅಂಚು ಸಮ ಮಾಡುತ್ತಿದ್ದಾಗ ಬಡಗಿಯ ಉಳಿ ಜಾರಿತು. ಎಡಗೈ ಹೆಬ್ಬೆರಳ ಬುಡ ಗೀರಿ, ಹೊಸ ಹಲಗೆಯ ಮೇಲೆ ಎರಡು ಹನಿ ರಕ್ತ ಬಿತ್ತು. ಬಡಗಿ ಬೆರಳನ್ನು ಬಾಯಿಗಿಟ್ಟುಕೊಂಡು ಆ ಹನಿಗಳನ್ನೇ ನೋಡುತ್ತ ನಿಂತ. ನಲವತ್ತೈದು ವರ್ಷದ ಕಸುಬಿನಲ್ಲಿ ಉಳಿ ಜಾರಿದ್ದು ಇದು ಮೂರನೆಯ ಸಲ. ಅದು ಅವನಿಗೆ ಖಚಿತವಾಗಿ ಗೊತ್ತಿತ್ತು, ಏಕೆಂದರೆ ಹಿಂದೊಮ್ಮೆ ಒಬ್ಬ ಮನುಷ್ಯ ಎದುರಿಗೆ ಕೂತು ಮೊದಲಿನ ಎರಡರ ಲೆಕ್ಕವನ್ನು ಅವನ ಬಾಯಿಂದಲೇ ಹೇಳಿಸಿದ್ದ. ಆ ಮನುಷ್ಯ ಈಗ ಬೀದಿಯ ಆಚೆ ಬದಿಯ ಮನೆಯಲ್ಲಿ ಬಿಳಿ ಬಟ್ಟೆಯ ಕೆಳಗೆ, ಈ ಪೆಟ್ಟಿಗೆಗಾಗಿ ಕಾಯುತ್ತ ಮಲಗಿದ್ದ.

"ವಯಸ್ಸಾಯ್ತು ಬಡಗಿಯಣ್ಣ, ಕೈ ಜಾರುತ್ತೆ, ಬಿಡಿ," ಎಂದ ಡ್ರೈವರ್. ಬಾಗಿಲಿಗೆ ಒರಗಿ ನಿಂತು ವ್ಯಾನಿನ ಕೀಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಪೆಟ್ಟಿಗೆಯನ್ನು ಸ್ಮಶಾನಕ್ಕೆ ಒಯ್ಯುವುದು ಅವನ ವ್ಯಾನೇ.

"ಕೈ ಜಾರಲಿ ಬಿಡಲಿ, ಆ ಪೆಟ್ಟಿಗೆಗೆ ಒಳಗಡೆಯಿಂದ ಒಂದು ಚಿಲಕ ಹಾಕಿಬಿಡಪ್ಪಾ," ಎಂದ ಸೈಕಲ್ ಶಾಪಿನವನು. "ಇಲ್ದಿದ್ರೆ ನಮ್ಮ ಒಳಚಿಲಕ ಒಳಗೆ ಹೋಗಲ್ಲ ಅಂತ ಹಟ ಹಿಡೀತಾನೆ."

ಎಲ್ಲರೂ ನಕ್ಕರು. ಸಾವಿನ ಮನೆಯ ಎದುರು ನಗಬಾರದೆಂದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದರು. ದರ್ಜಿಗೆ ಮಾತ್ರ ನಗು ಹಾಗೇ ಅಳುವಾಯಿತು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಬಡಗಿ ನಗಲಿಲ್ಲ. ಉಜ್ಜುಕಾಗದ ತೆಗೆದು ರಕ್ತದ ಹನಿಗಳನ್ನು ತಿಕ್ಕತೊಡಗಿದ.

ಸತ್ತವನು ಆ ಬೀದಿಯ ಬೀಗದವನು. ಬೀಗ ರಿಪೇರಿ, ಕೀಲಿಕೈ, ಚಿಲಕ, ಅಗುಳಿ, ಇಷ್ಟೇ ಅವನ ಪ್ರಪಂಚ. ಆದರೆ ಆ ಅಂಗಡಿಯಲ್ಲಿ ಒಂದು ಚಿಲಕ ಕೊಳ್ಳುವುದು ಹೆಣ್ಣು ಕೇಳಲು ಹೋದಷ್ಟು ಕಷ್ಟವಾಗಿತ್ತು. ಯಾರೇ ಬರಲಿ, ಕನ್ನಡಕದ ಮೇಲಿಂದ ನೋಡಿ "ಒಳಗಾ, ಹೊರಗಾ?" ಎನ್ನುತ್ತಿದ್ದ. ಮಲಗುವ ಕೋಣೆಗೋ ಅಡಿಗೆಮನೆಗೋ ಹೊರಗಿನಿಂದ ಬೇಕು ಎಂದರೆ "ಹಾಗಾದ್ರೆ ಒಳಗಿರೋರು ಯಾರು?" ಎಂದು ಇನ್ನೊಂದು ಪ್ರಶ್ನೆ. ಉತ್ತರ ತಡವರಿಸಿದರೆ ಸರಕನ್ನು ಪೆಟ್ಟಿಗೆಗೆ ವಾಪಸ್ ಹಾಕಿ, ಅಂಗಡಿಯ ಮುಂದಿನ ಬೆಂಚಿನ ಮೇಲೆ ಬಂದು ಕೂತು, ಪಕ್ಕದ ಜಾಗ ತಟ್ಟಿ, "ಕೂತ್ಕೋ. ಹೇಳು, ಏನಾಯ್ತು?" ಎನ್ನುತ್ತಿದ್ದ. ಕೆಲವರು ಬೈದುಕೊಂಡು ಹೋಗುತ್ತಿದ್ದರು. ಕೆಲವರು ಕೂರುತ್ತಿದ್ದರು. ಕೂತವರು ಏನು ಹೇಳಿದರೆಂದು ಅವನ ಬಾಯಿಂದ ಒಂದು ದಿನವೂ ಹೊರಬಿದ್ದಿಲ್ಲ.

ಒಳಚಿಲಕ ಎಂಬ ಹೆಸರು ಬಂದದ್ದು ಇದರಿಂದಲ್ಲ. ಅದಕ್ಕೆ ಬೇರೆ ಕತೆಯಿತ್ತು, ಬೀದಿಯವರಿಗೆಲ್ಲ ಬಾಯಿಪಾಠ. ಇಪ್ಪತ್ತೆರಡು ವರ್ಷದ ಹಿಂದೆ ಅವನು ಹನ್ನೆರಡು ದಿನ ಮನೆಯೊಳಗೆ ಕಾಲಿಡದೆ ಇದೇ ಬೆಂಚಿನ ಮೇಲೆ ಮಲಗಿದ್ದ. ಯಾಕಪ್ಪಾ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ನನ್ನ ಹೆಂಡ್ತಿ ಒಳಗಿಂದ ಚಿಲಕ ಹಾಕ್ಕೊಂಡಿದ್ದಾಳೆ ಕಣ್ರಪ್ಪಾ." ಊರಿಗೆಲ್ಲ ಬೀಗ ಹಾಕುವವನಿಗೆ ಮನೆಯ ಬಾಗಿಲೇ ತೆರೆಯಲಿಲ್ಲವಲ್ಲ ಎಂದು ಬೀದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಕುಡಿದು ಬಂದಿರಬೇಕು, ಕೈ ಎತ್ತಿರಬೇಕು, ಹೆಂಡತಿ ಕತ್ತು ಹಿಡಿದು ಆಚೆ ನೂಕಿರಬೇಕು ಎಂದು ಒಬ್ಬೊಬ್ಬರು ಒಂದೊಂದು ಸೇರಿಸಿದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಷ್ಟರಲ್ಲಿ ಯಾರೋ ಆ ಹೆಸರಿಟ್ಟರು, ಅದು ಗೋಂದಿನ ಹಾಗೆ ಅಂಟಿಕೊಂಡಿತು.

ಆ ಯಾರೋ ಬೇರೆ ಯಾರೂ ಅಲ್ಲ, ಬಡಗಿಯೇ.

ಬೀಗದವನ ಹೆಂಡತಿ ಬೀದಿ ದಾಟಿ ಬಂದಳು. ಗಂಡಸರು ದಾರಿ ಬಿಟ್ಟರು. ಎರಡು ದಿನ ನಿದ್ದೆಯಿಲ್ಲದ ಕಣ್ಣು ಕೆಂಪಗಿತ್ತು, ಮಾತು ಮಾತ್ರ ಎಂದಿನಷ್ಟೇ ಚೊಕ್ಕ. ನೆಂಟರಲ್ಲದಿದ್ದರೂ ಬಡಗಿಯನ್ನು ಅವಳು ಮೈದುನ ಎಂದೇ ಕರೆಯುತ್ತಿದ್ದಳು.

"ಎಷ್ಟು ಹೊತ್ತಿಗೆ ಮುಗಿಯುತ್ತೆ ಮೈದುನ?"

"ಇನ್ನೊಂದು ಗಂಟೆ ಅತ್ತಿಗೆ."

"ಎರಡು ಗಂಟೆಗೆ ಮಣ್ಣು ಮಾಡೋದು. ಅಲ್ಲಿ ಯಾರಾದ್ರೂ ನಾಲ್ಕು ಮಾತು ಆಡಬೇಕಲ್ಲ. ಬಡಗಿ ಮಾತಾಡ್ಲಿ ಅಂತ ಅವ್ರು ಹೋದ ವಾರವೇ ಹೇಳಿದ್ರು."

ಬಡಗಿಯ ಕೈಯ ಉಜ್ಜುಕಾಗದ ನಿಂತಿತು. "ನಾನು ಏನು ಮಾತಾಡ್ಲಿ?"

"ಅದನ್ನ ಹೇಳ್ಲಿಲ್ಲ. ಅವ್ರು ಯಾವತ್ತು ಯಾರಿಗೆ ಇಂಥದ್ದೇ ಆಡು ಅಂದಿದ್ರು?" ಅವಳು ಮುಚ್ಚಳದ ಮೇಲೆ ಅಂಗೈ ಆಡಿಸಿ ನುಣುಪು ನೋಡಿದಳು. ಹೊರಡುವಾಗ ಇವನಿಗಷ್ಟೇ ಕೇಳಿಸುವಂತೆ ಹೇಳಿದಳು: "ನಿನ್ನ ಮಗಳಿಗೆ ಫೋನ್ ಮಾಡ್ದೆ. ಬರ್ತಾಳಂತೆ."

ಸೈಕಲ್ ಶಾಪಿನವನು ಬಡಗಿಯ ಭುಜ ತಟ್ಟಿದ. "ಏನ್ ಯೋಚನೆ ಮಾರಾಯ? ಆ ಹನ್ನೆರಡು ದಿನದ ಕತೆ ಹೇಳಿಬಿಡು. ಎಲ್ಲರೂ ನಗ್ತಾ ನಗ್ತಾ ಕಳಿಸಿಕೊಡೋಣ."

*

ಬಡಗಿಗೆ ಆಗ ನಲವತ್ಮೂರು. ಒಂದು ಸಂಜೆ ಕೆಲಸದಿಂದ ಬಂದು ನೋಡುತ್ತಾನೆ, ಒಳಗಿನ ಕೋಣೆಯ ಬಾಗಿಲಿಗೆ ಒಳಬದಿಯಿಂದ ಹೊಸ ಹಿತ್ತಾಳೆ ಚಿಲಕ. ಆ ಬಾಗಿಲು ಅವನು ಮದುವೆಯ ವರ್ಷ ತನ್ನ ಕೈಯಾರೆ ಮಾಡಿದ್ದು. ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ನಾಲ್ಕು ಸ್ಕ್ರೂಗಳ ತಲೆಯ ಗೀರುಗಳೂ ಒಂದೇ ದಿಕ್ಕಿಗೆ, ನೆಟ್ಟಗೆ ನಿಂತಿದ್ದವು. ಹಾಗೆ ನಿಲ್ಲಿಸುವ ಹುಚ್ಚು ಆ ಬೀದಿಯಲ್ಲಿ ಬೀಗದವನೊಬ್ಬನಿಗೇ ಇತ್ತು. ಬಡಗಿ ತುಟಿ ಪಿಟಕ್ಕೆನ್ನದೆ ಸುತ್ತಿಗೆಯ ಕೊಕ್ಕೆ ಸಿಕ್ಕಿಸಿ ಚಿಲಕ ಕಿತ್ತು ಬೀದಿಗೆಸೆದ. ಹೆಂಡತಿ ಗೋಡೆಗೆ ಒತ್ತಿ ನಿಂತಿದ್ದಳು. ಹತ್ತು ವರ್ಷದ ಮಗಳು ಅವಳ ಹಿಂದೆ ನಿಂತಿದ್ದಳು.

ಮುಂದಿನ ವಾರ ಹೆಂಡತಿಯ ಮುಂಗೈ ಮುರಿಯಿತು. ಅವಳು ಕೈಗೆ ಟವೆಲ್ಲು ಸುತ್ತಿಕೊಂಡು ಆಸ್ಪತ್ರೆಯಲ್ಲಿ ಕೂತಾಗ, ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಬಡಗಿಯೇ ಡಾಕ್ಟರಿಗೆ ಹೇಳಿದ. ಹೆಂಡತಿಗೆ ಮಾತ್ರ, ಕೈ ಜಾರಿತು ಎಂದ. ಮಾರನೆಯ ದಿನ ಮನೆಗೆ ಬಂದರೆ ಒಲೆ ತಣ್ಣಗಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ.

ತವರಿಗೆ ಹೋಗಿದ್ದಾಳೆ ಎಂದು ಬೀದಿಗೆ ಹೇಳಿದ. ತವರಿಗೆ ಹೋಗಿ ವಿಚಾರಿಸಿದರೆ ಅಲ್ಲಿರಲಿಲ್ಲ. ಒಂದು ದಿನ, ಎರಡು ದಿನ, ಎಲ್ಲೆಲ್ಲೋ ಹುಡುಕಿ ಬೇಸತ್ತು, ಮೂರನೆಯ ದಿನ ಮಧ್ಯಾಹ್ನ ಬೀಗದವನ ಬೆಂಚಿಗೆ ಬಂದು ಕುಕ್ಕರಿಸಿದ. ಬೆಂಚಿನ ಮೇಲೆ ದಿಂಬು, ಸುತ್ತಿದ ಹಾಸಿಗೆ. ಬೀಗದವನು ಗಡ್ಡ ಬಿಟ್ಟುಕೊಂಡು ಅರದಿಂದ ಕೀಲಿಕೈ ಉಜ್ಜುತ್ತಿದ್ದ.

"ಇದೇನಯ್ಯಾ ಸಂಸಾರ ಬೀದಿಗೆ ಬಂದಿದೆ?"

"ನನ್ನ ಹೆಂಡ್ತಿ ಒಳಗಿಂದ ಚಿಲಕ ಹಾಕ್ಕೊಂಡಿದ್ದಾಳೆ."

ಬಡಗಿ ಅವತ್ತು ನಕ್ಕದ್ದು ಅಷ್ಟಿಷ್ಟಲ್ಲ. ಮೂರು ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದೆಲ್ಲ ನಗುವಾಗಿ ಹೊರಬಂತು. ತೊಡೆ ತಟ್ಟಿ ನಕ್ಕ, ಸೈಕಲ್ ಶಾಪಿನವನನ್ನು ಕರೆದು ನಕ್ಕ. "ಇಗೋ ನೋಡ್ರೋ, ಒಳಚಿಲಕ!" ಎಂದು ಕೂಗಿ ಹೆಸರಿಟ್ಟ. ತನಗಿಂತ ಕೆಟ್ಟು ಕೂತ ಗಂಡಸೊಬ್ಬ ಸಿಕ್ಕಿದನಲ್ಲ ಎಂಬ ಸಮಾಧಾನ ಅವನಿಗೆ. ಬೀಗದವನು ಅರ ಆಡಿಸುವುದನ್ನು ನಿಲ್ಲಿಸಲಿಲ್ಲ. ಬೆಂಚಿಗೂ ಅವನ ಮನೆಯ ಮುಚ್ಚಿದ ಬಾಗಿಲಿಗೂ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ.

ಬಡಗಿಯ ಹೆಂಡತಿ, ಮಗಳು ಆ ಬಾಗಿಲಿನ ಹಿಂದಿದ್ದರು. ಇದ್ದದ್ದು ಒಂದೇ ಕೋಣೆಯ ಮನೆ, ಅದಕ್ಕೇ ಬೀಗದವನು ಹೊರಗೆ ಮಲಗಿದ್ದ. ಒಳಗಿಂದ ಚಿಲಕ ಹಾಕಿಕೊಂಡದ್ದು ಅವನ ಹೆಂಡತಿಯೇ. ಅವನು ಆಡಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹನ್ನೆರಡನೆಯ ದಿನ ಮುರಿದ ಕೈ ಒಂದಿಷ್ಟು ಪ್ರಯಾಣ ತಡೆಯುವಂತಾದ ಮೇಲೆ, ಬಡಗಿ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ, ಬೀಗದವನ ಹೆಂಡತಿ ಅವರಿಬ್ಬರನ್ನೂ ದೂರದ ಊರಿನ ತನ್ನ ತಂಗಿಯ ಮನೆಗೆ ಮುಟ್ಟಿಸಿ ಬಂದಳು.

*

ಇದೆಲ್ಲ ಬಡಗಿಗೆ ತಿಳಿದದ್ದು ಎರಡು ತಿಂಗಳ ಮೇಲೆ. ಬೀಗದವನೇ ಅವನ ಕೆಲಸದ ಕೊಟ್ಟಿಗೆಗೆ ಬಂದು, ಮರದ ಹೊಟ್ಟಿನ ಮೇಲೆ ಕಾಲು ಮಡಚಿ ಕೂತು, ಮೊದಲಿಂದ ಕೊನೆಯವರೆಗೆ ಹೇಳಿದ. ಎಲ್ಲಿದ್ದಾರೆಂದು ಮಾತ್ರ ಹೇಳಲಿಲ್ಲ. ಬಡಗಿಗೆ ಕಣ್ಣು ಕತ್ತಲಿಟ್ಟಿತು. ಎದ್ದು ಕೈ ಎತ್ತಿದ. ಬೀಗದವನು ಕೂತಲ್ಲಿಂದ ಅಲುಗಲಿಲ್ಲ, ಎತ್ತಿದ ಕೈಯನ್ನೇ ನೋಡಿದ.

"ಈಗ ಇದು ಜಾರ್ತಿದೆಯಾ?"

"ಏನು?"

"ಅವತ್ತು ಕೈ ಜಾರ್ತು ಅಂದ್ಯಲ್ಲ. ಕೇಳ್ತಿದ್ದೀನಿ ಅಷ್ಟೆ. ನೀನು ಉಳಿ ಹಿಡಿದು ಎಷ್ಟು ವರ್ಷ ಆಯ್ತು?"

"ಇಪ್ಪತ್ಮೂರು."

"ಎಷ್ಟು ಸಲ ಜಾರಿದೆ?"

ಬಡಗಿಗೆ ಇದು ಎಲ್ಲಿಗೆ ಹೋಗುತ್ತಿದೆಯೆಂದು ಹೊಳೆಯಲಿಲ್ಲ. ಕಸುಬಿನ ಮಾತಾದ್ದರಿಂದ ಯೋಚಿಸಿ, "ಎರಡು ಸಲ" ಎಂದ. ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

"ಇಪ್ಪತ್ಮೂರು ವರ್ಷದಲ್ಲಿ ಎರಡು ಸಲ. ಇಂಥ ಕೈ ಮನೆಗೆ ಹೋದ ಕೂಡ್ಲೆ ವಾರವಾರ ಹೇಗಯ್ಯಾ ಜಾರುತ್ತೆ? ಅದೂ ಒಬ್ಬಳ ಮೇಲೇ ಬಂದು ಬೀಳುತ್ತಲ್ಲ. ನಿನಗೆ ಕೆಲಸ ಕೊಡೋ ಮಾಲೀಕನ ಮೇಲೆ ಒಂದ್ಸಲನೂ ಜಾರ್ಲಿಲ್ವಾ? ಆ ಮುದುಕ ನಿನ್ನ ತಾಯಿಗೆಲ್ಲ ಬೈತಾನೆ."

ಎತ್ತಿದ ಕೈ ಎಲ್ಲಿಡಬೇಕೆಂದು ತಿಳಿಯದೆ ಬಡಗಿ ನಿಂತೇ ಇದ್ದ.

"ಜಾರ್ಲಿಲ್ಲ. ಕೈ ಮಾಡ್ದೆ ನೀನು," ಎಂದ ಬೀಗದವನು. "ಜಾರೋದು ಬೇರೆ, ಮಾಡೋದು ಬೇರೆ. ಮಾಡ್ದೆ ಅಂತ ಒಂದ್ಸಲ ಬಾಯಿಬಿಟ್ಟು ಹೇಳು, ಆಮೇಲೆ ಮಾಡದೆ ಇರೋದು ಹೇಗೆ ಅಂತ ನೋಡೋಣ."

ಬಡಗಿ ಅವತ್ತು ಹೇಳಲಿಲ್ಲ, ಹೊರಗೆ ನಡಿ ಎಂದು ಗದರಿಸಿದ. ಬೀಗದವನು ಮುಂದಿನ ಭಾನುವಾರ ಮತ್ತೆ ಬಂದ. ಅದರ ಮುಂದಿನ ಭಾನುವಾರವೂ ಬಂದ. ಬರುವಾಗ ಚಹಾ ತರುತ್ತಿದ್ದ, ಕೂರುತ್ತಿದ್ದ, "ಹೇಳು, ಏನಾಯ್ತು?" ಎನ್ನುತ್ತಿದ್ದ. ಹೇಳುವುದಕ್ಕೆ ಬಡಗಿಗೆ ಹನ್ನೊಂದು ತಿಂಗಳು ಹಿಡಿಯಿತು. ಹೇಳಿದ ದಿನ ಬೀಗದವನು ಭೇಷ್ ಎನ್ನಲಿಲ್ಲ, ಬೆನ್ನು ತಟ್ಟಲಿಲ್ಲ. ಜೇಬಿನಿಂದ ಕಾಗದದಲ್ಲಿ ಸುತ್ತಿದ ಒಂದು ವಸ್ತು ತೆಗೆದು ಮುಂದಿಟ್ಟ. ಬೀದಿಗೆಸೆದಿದ್ದ ಅದೇ ಹಿತ್ತಾಳೆ ಚಿಲಕ, ಸೊಟ್ಟ ತೆಗೆದು ನೆಟ್ಟಗೆ ಮಾಡಿದ್ದ.

"ನೀನೇ ಹಾಕು," ಎಂದ. "ಅವಳು ಬರಲ್ಲ. ಅದನ್ನ ಮೊದಲೇ ಹೇಳ್ತೀನಿ. ಆದ್ರೂ ಹಾಕು."

*

ಸ್ಮಶಾನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಪೆಟ್ಟಿಗೆಯನ್ನು ಗುಂಡಿಯ ಪಕ್ಕದ ಎರಡು ತೊಲೆಗಳ ಮೇಲಿಟ್ಟಿದ್ದರು. ಬಡಗಿ ಮುಚ್ಚಳದ ಸ್ಕ್ರೂಗಳ ಗೀರುಗಳನ್ನೆಲ್ಲ ಒಂದೇ ದಿಕ್ಕಿಗೆ ನಿಲ್ಲಿಸಿದ್ದ. ಯಾರೂ ಗಮನಿಸಲಿಲ್ಲ, ಅತ್ತಿಗೆ ಗಮನಿಸಿದಳು.

ಅವಳ ಪಕ್ಕದಲ್ಲಿ ಮೂವತ್ತು ದಾಟಿದ ಹೆಂಗಸೊಬ್ಬಳು ಕೈಚೀಲ ಹಿಡಿದು ನಿಂತಿದ್ದಳು. ಬಡಗಿ ಒಂದು ಸಲ ನೋಡಿದ, ಮತ್ತೆ ನೋಡಲಾಗಲಿಲ್ಲ. ತಾಯಿಯ ಹಣೆ, ತಾಯಿಯ ನಿಲುವು. ಆ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸುದ್ದಿಯನ್ನು ಬೀಗದವನು ಮೂರು ದಿನ ಕಳೆದ ಮೇಲೆ ತಿಳಿಸಿದ್ದ. ಮೊದಲೇ ತಿಳಿಸಬೇಡ ಎಂದು ಅವಳೇ ಹೇಳಿದ್ದಳಂತೆ.

ಹೆಂಗಸರ ಸಾಲಿನ ತುದಿಯಲ್ಲಿ ಡ್ರೈವರನ ಹೆಂಡತಿ ಇದ್ದಳು. ಹುಬ್ಬಿನ ಮೇಲೆ ಪ್ಲಾಸ್ಟರ್. ಯಾರೂ ಕೇಳದಿದ್ದರೂ "ಬಾಗಿಲು ತಗುಲ್ತು" ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ಹೋದ ವಾರ ಬೀಗದವನು ಹಾಸಿಗೆಯಿಂದಲೇ ಡ್ರೈವರನಿಗೆ ಹೇಳಿ ಕಳಿಸಿದ್ದ, ಬಂದು ಸ್ವಲ್ಪ ಕೂತು ಹೋಗು ಎಂದು. ಡ್ರೈವರಿಗೆ ಪುರುಸೊತ್ತಾಗಿರಲಿಲ್ಲ.

"ಬಡಗಿಯಣ್ಣ ಈಗ ಮಾತಾಡ್ತಾರೆ," ಎಂದ ದರ್ಜಿ.

ಬಡಗಿ ಪೆಟ್ಟಿಗೆಯ ತಲೆಯ ಕಡೆ ಬಂದು ನಿಂತ. ಸೈಕಲ್ ಶಾಪಿನವನು ಆಗಲೇ ನಗುವುದಕ್ಕೆ ಮುಖ ಸಿದ್ಧ ಮಾಡಿಕೊಂಡಿದ್ದ. ಹನ್ನೆರಡು ದಿನದ ಕತೆ ಹೇಳಿ ಎಲ್ಲರನ್ನೂ ನಗಿಸಿ ಮನೆಗೆ ಹೋಗಬಹುದಿತ್ತು, ಒಬ್ಬರೂ ಏನೂ ಅನ್ನುತ್ತಿರಲಿಲ್ಲ. ಬಡಗಿ ಮುಚ್ಚಳದ ಮೇಲೆ ಕೈಯಿಟ್ಟ.

"ನನಗೆ ಮಾತು ಬರಲ್ಲ," ಎಂದ. "ಇವನಿಗೆ ಒಳಚಿಲಕ ಅಂತ ಹೆಸರಿಟ್ಟೋನು ನಾನು."

ಒಂದಿಬ್ಬರು ನಕ್ಕರು.

"ಹನ್ನೆರಡು ದಿನ ಬೆಂಚಿನ ಮೇಲೆ ಮಲಗಿದ್ದ. ನಿಮಗೆಲ್ಲ ಗೊತ್ತಿದೆ. ಹೆಂಡ್ತಿ ಆಚೆ ಹಾಕಿದಳು ಅಂತ ನಗ್ತೀರಿ. ಅತ್ತಿಗೆ ಅವನನ್ನ ಆಚೆ ಹಾಕಿರ್ಲಿಲ್ಲ. ಒಳಗೆ ನನ್ನ ಹೆಂಡ್ತಿ ಇದ್ದಳು, ನನ್ನ ಮಗಳಿದ್ದಳು. ಅವರು ಬಾಗಿಲು ಹಾಕ್ಕೊಂಡಿದ್ದು ನನಗೆ ಹೆದರಿ."

ಸಲಿಕೆಗೆ ಒರಗಿದ್ದ ಗುಂಡಿ ತೋಡಿದವನು ನೆಟ್ಟಗಾದ. ಸೈಕಲ್ ಶಾಪಿನವನ ಮುಖದ ಮೇಲಿನ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿದಿತ್ತು.

"ಅವಳು ಬಚ್ಚಲಲ್ಲಿ ಜಾರಿ ಬಿದ್ದಳು ಅಂತ ನಾನು ಹೇಳಿದ್ದೆ. ಅವಳು ಜಾರ್ಲಿಲ್ಲ. ನನ್ನ ಕೈನೂ ಜಾರ್ಲಿಲ್ಲ." ಬಡಗಿ ಹೆಬ್ಬೆರಳಿಗೆ ಸುತ್ತಿದ ಬಟ್ಟೆಯನ್ನು ಹಿಡಿದುಕೊಂಡ. "ನಾನು ಕೈ ಮಾಡ್ದೆ. ಒಂದ್ಸಲ ಅಲ್ಲ, ಹತ್ತು ವರ್ಷ ಮಾಡ್ದೆ. ಹೆಸರು ಕೆಟ್ಟಿದ್ದು ಇವನದು. ಇಪ್ಪತ್ತೆರಡು ವರ್ಷ ನೀವು ಆ ಹೆಸರು ಹಿಡಿದು ಕರೆದಾಗೆಲ್ಲ ಇವನು ಓಗೊಟ್ಟ. ನಾನು ಪಕ್ಕದಲ್ಲೇ ಕೂತು ಸುಮ್ಮನಿದ್ದೆ."

ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಪಕ್ಕಕ್ಕೆ ಸರಿದ.

ಯಾರೂ ಅವನ ಭುಜ ತಟ್ಟಲಿಲ್ಲ. ಪೆಟ್ಟಿಗೆ ಇಳಿಯಿತು, ಮಣ್ಣು ಬಿತ್ತು. ಒಬ್ಬೊಬ್ಬರೇ ಹೊರಟರು. ಬಡಗಿಯ ಹತ್ತಿರ ಬಂದಾಗ ಎಲ್ಲರಿಗೂ ಚಪ್ಪಲಿಯಲ್ಲಿ ಮಣ್ಣು ಸಿಕ್ಕಿಕೊಂಡದ್ದು ನೆನಪಾಯಿತು, ತಲೆ ತಗ್ಗಿಸಿ ಕಾಲು ಕೊಡವುತ್ತ ದಾಟಿದರು. ಮೂವತ್ತು ವರ್ಷದಿಂದ ದಿನಾ ಮಾತಾಡಿಸುತ್ತಿದ್ದ ದರ್ಜಿಯೂ ಮಾತಾಡಿಸಲಿಲ್ಲ. ಡ್ರೈವರ್ ವ್ಯಾನಿನಲ್ಲಿ ಕೂತು, ಕೀಲಿಕೈ ಹಾಕಿ, ತಿರುಗಿಸದೆ ಬಹಳ ಹೊತ್ತು ಹಾಗೇ ಇದ್ದ.

ಎಲ್ಲರೂ ಹೋದ ಮೇಲೆ ಮಗಳು ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು.

"ನೀವು ನಗ್ತಿದ್ದದ್ದು ನಮಗೆ ಕೇಳಿಸ್ತಿತ್ತು."

ನೀವು ಎಂದಳು. ಚಿಕ್ಕಂದಿನಲ್ಲಿ ನೀನು ಎನ್ನುತ್ತಿದ್ದಳು, ಅಪ್ಪಾ ನೀನು, ಅಪ್ಪಾ ನೀನು ಎಂದು ಬೆನ್ನು ಹತ್ತುತ್ತಿದ್ದಳು.

"ಅಮ್ಮ ಒಂದೇ ಕೈಯಲ್ಲಿ ನನ್ನ ಕಿವಿ ಮುಚ್ಚಿದ್ದಳು. ಇನ್ನೊಂದು ಕಿವೀಲಿ ಕೇಳಿಸ್ತಿತ್ತು."

"ಹೂಂ."

"ಅಮ್ಮ ಇದ್ದಾಗ ಹೇಳ್ಬೇಕಿತ್ತು ಇದನ್ನ. ಹೀಗೇ, ಎಲ್ಲರ ಮುಂದೆ."

"ಹೂಂ," ಎಂದ ಬಡಗಿ ಮತ್ತೆ.

ಅವಳು ಕೈಚೀಲ ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದಳು. "ಬಸ್ಸು ಆರಕ್ಕೆ. ಆಸ್ಪತ್ರೇಲಿ ರಾತ್ರಿ ಪಾಳಿ ಮುಗಿಸ್ಕೊಂಡು ನೇರ ಬಂದಿದ್ದೀನಿ, ಕಣ್ಣು ಉರೀತಿದೆ. ದೊಡ್ಡಮ್ಮನ ಮನೇಲಿ ಕಾಲಿಡೋಕೆ ಜಾಗ ಇಲ್ಲ. ಒಂದು ಗಂಟೆ ಬೆನ್ನು ಚಾಚೋಕೆ ಆಗುತ್ತಾ ಅಲ್ಲಿ?"

ಅಲ್ಲಿ ಎಂದರೆ ಎಲ್ಲಿ ಎಂದು ತಿಳಿಯಲು ಬಡಗಿಗೆ ಒಂದು ಕ್ಷಣ ಬೇಕಾಯಿತು. "ಒಳಗಿನ ಕೋಣೆ ಖಾಲಿ ಇದೆ," ಎಂದ.

ಇಬ್ಬರೂ ನಡೆದು ಬಂದರು. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಗೂಟದಲ್ಲಿ ಒಂದು ಅಂಗಿ. ಬಡಗಿ ಚಾಪೆ ಕೊಡವಿ ಹಾಸಿ, ಹೂಜಿಯಲ್ಲಿ ನೀರಿಟ್ಟು ಹೊರಗೆ ಬಂದ. ಮಗಳು ಬಾಗಿಲಲ್ಲೇ ನಿಂತು ಚಿಲಕವನ್ನು ನೋಡುತ್ತಿದ್ದಳು. ಹಳೆಯ ತೂತುಗಳಿಗೆ ಮರದ ಚಕ್ಕೆ ತುಂಬಿ, ಅದರ ಮೇಲೇ ಮತ್ತೆ ಸ್ಕ್ರೂ ಬಿಗಿಸಿದ್ದು ಕಾಣುತ್ತಿತ್ತು. ಬೆರಳಿನಿಂದ ಮುಟ್ಟಿದಳು. ಬೆರಳ ತುದಿಗೆ ಎಣ್ಣೆ ಅಂಟಿತು.

"ಇದಕ್ಕೆ ಎಣ್ಣೆ ಹಾಕ್ತೀರಾ?"

"ತಿಂಗಳಿಗೊಂದ್ಸಲ."

"ಒಳಗೆ ಯಾರಿದ್ರು ಅಂತ?"

ಬಡಗಿ ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಚಿಲಕ ಸಲೀಸಾಗಿ, ಕಿರುಗುಟ್ಟದೆ ಸರಿದು ಬಿತ್ತು.

ಬಡಗಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಹೊರಗೆ ಬಂದ. ಬೀದಿ ದಾಟಿ ಮುಚ್ಚಿದ ಬೀಗದಂಗಡಿಯ ಮುಂದಿನ ಬೆಂಚಿನ ತುದಿಯಲ್ಲಿ ಕೂತ. ಆ ಬೆಂಚು ಅವನೇ ಮಾಡಿಕೊಟ್ಟದ್ದು, ನಡುವೆ ಒಬ್ಬನೇ ಮನುಷ್ಯ ನಲವತ್ತು ವರ್ಷ ಕೂತು ತಗ್ಗು ಬಿದ್ದಿತ್ತು. ಅಲ್ಲಿಂದ ತನ್ನ ಮನೆಯ ಬಾಗಿಲು ಚೆನ್ನಾಗಿ ಕಾಣುತ್ತಿತ್ತು.

ವ್ಯಾನು ಬೀದಿಯ ತುದಿಯಲ್ಲಿ ನಿಂತಿತು. ಡ್ರೈವರ್ ಇಳಿದು ಕೀಗೊಂಚಲು ತಿರುಗಿಸುತ್ತ ಬಂದ. ಬಡಗಿಯನ್ನು ಕಂಡು ನಿಧಾನಿಸಿದ. ತಪ್ಪಿಸಿಕೊಂಡು ಹೋಗಲು ಬೀದಿಯಲ್ಲಿ ಬೇರೆ ದಾರಿಯಿರಲಿಲ್ಲ.

"ಯಾಕೆ ಬಡಗಿಯಣ್ಣ, ಬಿಸಿಲಲ್ಲಿ ಕೂತಿದ್ದೀರಿ? ಮನೆ ಒಳಗೆ ಹೋಗಲ್ವಾ?"

"ಮಗಳು ಬಂದಿದ್ದಾಳೆ," ಎಂದ ಬಡಗಿ. "ಒಳಗಿಂದ ಚಿಲಕ ಹಾಕ್ಕೊಂಡಿದ್ದಾಳೆ ಕಣಪ್ಪಾ."

ಡ್ರೈವರ್ ನಗಲಿಲ್ಲ. ಕೀಗೊಂಚಲು ಅವನ ಬೆರಳಲ್ಲಿ ನಿಂತಿತು. ಒಂದು ಸಲ ತನ್ನ ಮನೆಯ ಕಡೆ ನೋಡಿದ. ಆಮೇಲೆ ಬಂದು, ನಡುವಿನ ತಗ್ಗನ್ನು ಹಾಗೇ ಬಿಟ್ಟು, ಬೆಂಚಿನ ಆಚೆ ತುದಿಯಲ್ಲಿ ಕೂತ.